‘ಆಫ್ಥಾಲ್ಮಾಲಜಿ’: ಉಚ್ಚಾರಣೆ ಹೇಗೆ, ಪದ ಬಿಡಿಸುವುದು ಹೇಗೆ?

ಪ್ರಶ್ನೆ
ಮಾನ್ಯರೇ, ಆಸ್ಪತ್ರೆಯೊಂದರ ಕನ್ನಡ ಫಲಕಗಳ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಣ್ಣಿನ ವಿಭಾಗದ ಹೆಸರು ಬಾಗಿಲ ಮೇಲೆ ‘ಆಪ್ತಮಾಲಜಿ’ ಎಂದೂ ಹೊರರೋಗಿ ಚೀಟಿಯಲ್ಲಿ ‘ಆಪ್ಥಲ್ಮಾಲಜಿ’ ಎಂದೂ ಇದೆ. ಈ ಪದದಲ್ಲಿ ಎಷ್ಟು ಉಚ್ಚಾರಾಂಶಗಳಿವೆ, ಒತ್ತು ಎಲ್ಲಿ ಬೀಳುತ್ತದೆ, ಯಾವ ಭಾಗಗಳು ಸೇರಿ ಇದು ಆಗಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1
ಗ್ರೀಕಿನಲ್ಲಿ ‘ಒಫ್ಥಲ್ಮೊಸ್’ ಎಂದರೆ ಕಣ್ಣು. ‘ಲೊಗೊಸ್’ ಎಂದರೆ ಮಾತು, ವಿಚಾರ. ಅದರಿಂದ ಹುಟ್ಟಿದ ಕೊನೆಯ ಭಾಗಕ್ಕೆ ಶಾಸ್ತ್ರವೆಂಬ ಅರ್ಥ ಬಂದಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಐದು ಉಚ್ಚಾರಾಂಶಗಳು: ಆಫ್–ಥ್ಯಾಲ್–ಮಾ–ಲ–ಜಿ. ಮುಖ್ಯ ಒತ್ತು ಮೂರನೆಯದಾದ ‘ಮಾ’ ಮೇಲೆ ಬೀಳುವುದರಿಂದ ಅದರ ಹಿಂದಿನ ‘ಲ್’ ಕಿವಿಗೆ ಸರಿಯಾಗಿ ಬೀಳದೆ, ಬರೆಯುವಾಗಲೂ ಬಿಟ್ಟುಹೋಗುತ್ತದೆ. ನಿಮ್ಮ ಬಾಗಿಲ ಫಲಕದಲ್ಲಿ ಆಗಿರುವುದು ಇದೇ. ಎ ಜೀವಸತ್ವದ ಕೊರತೆಯಿಂದ ಕಣ್ಣು ಒಣಗುವ ‘ಝೀರಾಫ್ಥ್ಯಾಲ್ಮಿಯಾ’ ಎಂಬ ಪದವನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಅಲ್ಲಿ ಒತ್ತು ‘ಥ್ಯಾಲ್’ ಮೇಲೆಯೇ ಇರುವುದರಿಂದ ಲಕಾರ ಸ್ಪಷ್ಟವಾಗಿ ಕೇಳುತ್ತದೆ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪರಿಚಯಿಸಿದ, ಕಣ್ಣಿನ ಒಳಭಾಗ ನೋಡುವ ‘ಆಫ್ಥಾಲ್ಮೋಸ್ಕೋಪ್’ ಉಪಕರಣದ ಹೆಸರಿನಲ್ಲಿರುವುದೂ ಇದೇ ಪದಭಾಗ.

ಉತ್ತರ 2
‘ಆಪ್’ ಎಂಬ ರೂಪ ನಮ್ಮಲ್ಲಿ ಬೇರೂರಲು ಕನ್ನಡಕದ ಅಂಗಡಿಯ ‘ಆಪ್ಟಿಕಲ್ಸ್’ ಫಲಕವೂ ಕಾರಣವಿರಬಹುದು. ಆ ಪದ ನೋಟಕ್ಕೆ ಸಂಬಂಧಿಸಿದ ‘ಒಪ್ಟಿಕೋಸ್’ನಿಂದ ಬಂದದ್ದು, ಅಲ್ಲಿ ‘ಪ’, ‘ಟ’ ಎರಡೂ ಅಲ್ಪಪ್ರಾಣ. ಆದರೆ ‘ಒಫ್ಥಲ್ಮೊಸ್’ನಲ್ಲಿ ಫೀ, ಥೀಟಾ ಅಕ್ಷರಗಳಿವೆ. ಪ್ರಾಚೀನ ಅಥೆನ್ಸಿನಲ್ಲಿ ಇವನ್ನು ನಮ್ಮ ‘ಫಲ’, ‘ರಥ’ಗಳಲ್ಲಿರುವಂತೆ ಮಹಾಪ್ರಾಣವಾಗಿಯೇ ನುಡಿಯುತ್ತಿದ್ದರು, ಗಾಳಿ ಉಜ್ಜಿ ಹೊರಡುವ ಈಗಿನ ಉಚ್ಚಾರಣೆ ಅನಂತರದ್ದು. ಹೀಗಾಗಿ ‘ಫ್ಥ’ ಎಂಬ ಒತ್ತಕ್ಷರವನ್ನು ಅಂಜಿಕೆಯಿಲ್ಲದೆ ಬರೆಯಬಹುದು. ಮೂಲ ಧ್ವನಿಗೆ ಇಷ್ಟು ಹತ್ತಿರವಾಗಿ ಬರೆಯಲು ನಮ್ಮ ಲಿಪಿಗೆ ಸಾಧ್ಯವಿರುವುದು ನನಗೆ ನಿಜಕ್ಕೂ ಸಂತೋಷದ ವಿಷಯ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ‘ಆಫ್ಥಾಲ್ಮಾಲಜಿ’ ಎಂದು ತಿದ್ದಿದ್ದೇನೆ. ಆದರೆ ಆ ಬಾಗಿಲ ಎದುರು ಬೆಂಚಿನ ಮೇಲೆ ಕುಳಿತವರಲ್ಲಿ ಹಲವರು ಡ್ರಾಪ್ಸ್ ಹಾಕಿಸಿಕೊಂಡು, ಮಂಜಾದ ಕಣ್ಣಿನಲ್ಲೇ ಫಲಕ ಓದಬೇಕಾಗುತ್ತದೆ. ಆದ್ದರಿಂದ ‘ಕಣ್ಣಿನ ವಿಭಾಗ’ ಎಂಬುದನ್ನು ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ, ಗ್ರೀಕ್ ಮೂಲದ ಹೆಸರನ್ನು ಕೆಳಗಿನ ಸಾಲಿಗೆ ಇಳಿಸುತ್ತಿದ್ದೇನೆ.