ಐಎಚ್‌ಸಿ ವರದಿಯ ‘ಪಾಸಿಟಿವ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಲ್ಯಾಬೊಂದಕ್ಕೆ, ರೋಗಿಗಳ ಕೈಗೆ ಕೊಡುವ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಅಂದರೆ ಗಡ್ಡೆಯ ತುಣುಕಿಗೆ ಬಣ್ಣ ಹಿಡಿಸಿ ಅದು ಯಾವ ಬಗೆಯದೆಂದು ಗುರುತಿಸುವ ಪರೀಕ್ಷೆ. ಲ್ಯಾಬಿನವರ ಬಾಯಲ್ಲಿ ಬರೀ ಐಎಚ್‌ಸಿ. ಈ ಹೆಸರನ್ನು ಕನ್ನಡಿಸುವ ಗೋಜಿಗೆ ಹೋಗಿಲ್ಲ, ಬಿಲ್ಲಿನಲ್ಲೂ ಅದೇ ಇರುತ್ತದೆ. ನನ್ನ ತೊಡಕು ವರದಿಯಲ್ಲಿ ಬರುವ ‘ಪಾಸಿಟಿವ್’ದು.

ಸ್ನಾಯು, ಕೊಬ್ಬು, ನರದ ಹೊದಿಕೆಯಂಥ ಮೃದು ಅಂಗಾಂಶಗಳ ಹಲವು ಗಡ್ಡೆಗಳು ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ: ಎರಡೂ ತುದಿ ಚೂಪಾದ ಉದ್ದನೆಯ ಕೋಶಗಳು. (‘ಕದಿರುಕೋಶ’ ಅನ್ನಬಹುದಿತ್ತು. ಆದರೆ ನೂಲುವ ಕದಿರು ಕಂಡವರು ಈಗ ಎಷ್ಟು ಮಂದಿ?) ಆಗ, ಒಂದೊಂದು ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಸ್ಲೈಡಿನ ಮೇಲೆ ಹಾಕುತ್ತಾರೆ. ಆ ಪ್ರೋಟೀನ್ ಇದ್ದ ಕಡೆ ಪ್ರತಿಕಾಯ ನಿಲ್ಲುತ್ತದೆ, ಕಿಣ್ವವೊಂದರ ನೆರವಿನಿಂದ ಆ ಜಾಗ ಕಂದಾಗುತ್ತದೆ. ಉಳಿದದ್ದು ನೀಲಿ. ಹೀಗೆ ಕಂದಾದದ್ದನ್ನೇ ವರದಿ ‘ಪಾಸಿಟಿವ್’ ಅನ್ನುವುದು.

ಡೆಸ್ಮಿನ್ ಎಂಬ ಪ್ರೋಟೀನ್ ಕಂದಾದರೆ ಗುಮಾನಿ ಸ್ನಾಯುವಿನ ಕಡೆಗೆ. ಕೋಶಕೇಂದ್ರದಲ್ಲಿ ಸ್ಟ್ಯಾಟ್6 ಎಂಬ ಪ್ರೋಟೀನ್ ಬಂದರೆ ಸಾಲಿಟರಿ ಫೈಬ್ರಸ್ ಟ್ಯೂಮರ್ ಎಂಬ ಗಡ್ಡೆಯ ಕಡೆಗೆ. ಜಠರದ ಗೋಡೆಯ ಗಡ್ಡೆಯಲ್ಲಿ ಸಿಡಿ117, ಡಾಗ್1 ಎಂಬ ಎರಡೂ ಪ್ರೋಟೀನ್ ಬಂದರೆ ಬಹುಪಾಲು ಅದು ಜಿಸ್ಟ್ (ಜಠರ, ಕರುಳಿನ ಗೋಡೆಯಲ್ಲಿ ಹುಟ್ಟುವ ಒಂದು ಬಗೆಯ ಗಡ್ಡೆ). ಜಿಸ್ಟ್‌ಗೆ ಇಮ್ಯಾಟಿನಿಬ್ ಮಾತ್ರೆ ಇದೆ. ನೋಡಲು ಜಿಸ್ಟನ್ನೇ ಹೋಲುವ, ಸ್ನಾಯುವಿನ ಕ್ಯಾನ್ಸರ್ ಆದ ಲಿಯೋಮಯೋಸಾರ್ಕೋಮಾಗೆ ಆ ಮಾತ್ರೆ ಕೊಡುವುದಿಲ್ಲ. ಬಣ್ಣದ ಮೇಲೆ ಇಷ್ಟೆಲ್ಲ ನಿಂತಿರುವಾಗ ಪದ ತಪ್ಪುದಾರಿ ಹಿಡಿಸಬಾರದು.

ಎಸ್‌100 ಎಂಬ ಪ್ರೋಟೀನ್ ನೋಡಿ. ಶ್ವಾನೋಮಾದಲ್ಲೂ ಅದು ಪಾಸಿಟಿವ್, ಮೆಲನೋಮಾದಲ್ಲೂ ಪಾಸಿಟಿವ್. ಮೊದಲನೆಯದು ನರದ ಹೊದಿಕೆಯ, ಸಾಮಾನ್ಯವಾಗಿ ಅಪಾಯವಿಲ್ಲದ ಗಡ್ಡೆ, ಎರಡನೆಯದು ಕ್ಯಾನ್ಸರ್. ಆದರೆ ಕೋವಿಡ್ ಕಂಡ ನಮ್ಮ ಜನಕ್ಕೆ ‘ಪಾಸಿಟಿವ್’ ಎಂದರೆ ಕಾಯಿಲೆ ಇದೆ ಎಂದೇ ಅರ್ಥ. ಶ್ವಾನೋಮಾದವರು ಆ ಸಾಲು ಓದಿ ಎದೆ ಹಿಡಿದುಕೊಳ್ಳುತ್ತಾರೆ. ‘ಧನಾತ್ಮಕ’ ಬರೆದರೆ ಅದು ಗಣಿತದ ಮೇಷ್ಟ್ರ ಮಾತು, ಸಾಲದ್ದಕ್ಕೆ ಏನೋ ಶುಭಸುದ್ದಿಯ ಹಾಗೆ ಕೇಳುತ್ತದೆ. ‘ಸಕಾರಾತ್ಮಕ’ ಭಾಷಣದವರಿಗೇ ಇರಲಿ.

ಸದ್ಯಕ್ಕೆ ‘ಬಣ್ಣ ಹಿಡಿದಿದೆ’, ‘ಬಣ್ಣ ಹಿಡಿದಿಲ್ಲ’ ಎಂದು ಬರೆದಿದ್ದೇನೆ. ಗೋರಂಟಿ ಹಚ್ಚಿದ ಕೈ ನೋಡಿ ‘ಚೆನ್ನಾಗಿ ಹಿಡಿದಿದೆ’ ಅನ್ನುತ್ತೇವಲ್ಲ, ಹಾಗೆ. ಅದರ ಲಾಭ ಏನೆಂದರೆ ವರದಿಯ ಉಳಿದ ವಿಶೇಷಣಗಳೂ ತಾವಾಗಿ ಬರುತ್ತವೆ: ತೆಳುವಾಗಿ ಹಿಡಿದಿದೆ, ಅಲ್ಲಲ್ಲಿ ಹಿಡಿದಿದೆ, ಉದ್ದಗಲಕ್ಕೂ ಹಿಡಿದಿದೆ. ಹಿಡಿದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಪದದೊಳಗೆ ಇಲ್ಲ. ಅದು ಡಾಕ್ಟರ ಕೆಲಸ.

ಎರಡು ಪ್ರಶ್ನೆ ಉಳಿದಿವೆ. ಚಿಕಿತ್ಸೆಗೆಂದು ಉತ್ತರ ಕರ್ನಾಟಕದಿಂದ ಬರುವವರೂ ಇದನ್ನು ಓದುತ್ತಾರೆ. ಆ ಕಡೆಯವರೇ ಹೇಳಿ: ‘ಬಣ್ಣ ಹತ್ತಿದೆ’ ನಿಮಗೆ ಇನ್ನೂ ಸಹಜವೇ, ಇಲ್ಲ ‘ಹಿಡಿದಿದೆ’ ಸಾಕೇ? ಇನ್ನೊಂದು, ಪಟ್ಟಿಯ ತಲೆಬರಹಕ್ಕೆ ನಾಮಪದ ಬೇಕು. ‘ಬಣ್ಣದ ಹಿಡಿತ’ ಎಂದರೆ ಯಾಕೋ ಸರಿ ಕೂರುತ್ತಿಲ್ಲ, ‘ರಂಜನ’ ಯಾರಿಗೂ ತಿಳಿಯದು. ಮಗ್ಗದವರ, ಬಣ್ಣ ಹಾಕುವವರ ಮಾತಿನಲ್ಲಿ ಇದಕ್ಕೆ ಪದ ಇದ್ದರೆ ದಯವಿಟ್ಟು ತಿಳಿಸಿ.