ನೀಟ್, ಸಭೆಯ ಸ್ಪಾನ್ಸರ್‌ಶಿಪ್, ಬಾಂಡು: ಈ ದಾರಿ ಹಿಡಿದವರು ಅನುಭವ ಹೇಳ್ರಿ

ಗದಗಿನ ತಾಯಿ:
ಕರ್ತನ ನಾಮದಲ್ಲಿ ವಂದನೆಗಳು. ಮಗಳು ಸೆಕೆಂಡ್ ಪಿಯುಸಿ. ಮಿಷನ್ ಆಸ್ಪತ್ರಿಯೊಳಗ ಡಾಕ್ಟರ್ ಆಗಿ ಸೇವಾ ಮಾಡಬೇಕಂತ ಸಣ್ಣಾಕಿ ಇದ್ದಾಗಿಂದ ಪ್ರಾರ್ಥನಾ ಮಾಡ್ತಾಳ. ನಮ್ಮ ಸಭೆಯ (ಚರ್ಚಿನ) ಸ್ಪಾನ್ಸರ್‌ಶಿಪ್, ಅಂದ್ರ ಶಿಫಾರಸಿನ ಮ್ಯಾಲೆ ವೆಲ್ಲೂರಿನ ಸಿಎಂಸಿ ಮಿಷನ್ ಮೆಡಿಕಲ್ ಕಾಲೇಜಿಗೆ ಹಾಕಬೇಕಂತೀವಿ. ಓದು ಮುಗಿದ ಮ್ಯಾಲೆ ಇಷ್ಟು ವರ್ಷ ಮಿಷನ್ ಆಸ್ಪತ್ರಿಯೊಳಗ ದುಡೀತೀನಂತ ಬರಕೊಡೂ ಬಾಂಡು ಮುಗಿಸಿದವರು ಹೆಂಗಿತ್ತು ಹೇಳ್ರಿ. ನೀಟ್ ಕೋಚಿಂಗ್‌ನವರು ಭಾನುವಾರ ಟೆಸ್ಟ್ ಇಡ್ತಾರ, ಆರಾಧನಾ ತಪ್ಪತೈತಿ. ಅದಕ್ಕೂ ಏನು ಮಾಡಿದ್ರಿ?

ಮೈಸೂರು ಸಿಸ್ಟರ್:
ನಾನು ಡಾಕ್ಟರಲ್ಲ, ಬಿಎಸ್ಸಿ ನರ್ಸಿಂಗ್. ಆದ್ರೆ ಬಾಂಡು ಅಂದ್ರೇನು ಅಂತ ನನ್ನನ್ನ ಕೇಳಿ. ಎರಡು ವರ್ಷ, ಒಂದು ಮಿಷನ್ ಆಸ್ಪತ್ರೆ, ಹೆಸರು ಬೇಡ. ಸಂಬಳ 13,000. ಮೆಸ್ಸಿಗೆ 2,800, ಕ್ವಾರ್ಟರ್ಸ್ ಕರೆಂಟಿಗೆ 350, ದಶಮಾಂಶ 1,300 (ಸಂಬಳದ ಹತ್ತರಲ್ಲೊಂದು ಪಾಲು ದೇವರಿಗೆ; ಅದು ನಾನೇ ಕೊಡ್ತಿದ್ದದ್ದು, ಯಾರೂ ಹಿಡ್ಕೊಳ್ಳಲಿಲ್ಲ), ಅಮ್ಮನಿಗೆ 5,000. ಉಳಿದದ್ದರಲ್ಲಿ ಚಪ್ಪಲಿ ತಗೋಬೇಕಾದ್ರೂ ಯೋಚನೆ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಅವರ ಬೀರುವಿನಲ್ಲೇ ಇತ್ತು. ನನ್ನ ಜೊತೆಯವಳು ಬಾಂಡಿನ ದುಡ್ಡು ಕಟ್ಟಿ ಬಿಡಿಸ್ಕೊಂಡು ಐರ್ಲೆಂಡಿಗೆ ಹೋದ್ಲು, ದಿನಾ ಸ್ಟೇಟಸ್ಸಲ್ಲಿ ಹಿಮ. ನಾನು ಹೆರಿಗೆ ವಾರ್ಡಲ್ಲಿ ನೈಟ್ ಡ್ಯೂಟಿ. ಆದ್ರೆ ಡಾಕ್ಟರು ಬರೋ ಮೊದಲೇ ಮಗು ಹೊರಗೆ ಬಂದ್ರೆ ಏನು ಮಾಡ್ಬೇಕು ಅಂತ ಕೈ ಕಲಿತದ್ದು ಅಲ್ಲೇ. "ಅಯ್ಯೋ ಪಾಪ" ಅನ್ನೋರ ಮೇಲೆ ಇವತ್ತಿಗೂ ಸಿಟ್ಟು ಬರುತ್ತೆ.

ಸಾಫ್ಟ್‌ವೇರ್ ಬಿಟ್ಟವ:
ಸಿಸ್ಟರ್, ನಿಮ್ದು ಎರಡು ವರ್ಷ, ನಮ್ದು ಜೀವಮಾನ. ಬಿಇ ಮಾಡಿ ಕೆಲಸದಲ್ಲಿದ್ದವನು ರಾಜೀನಾಮೆ ಕೊಟ್ಟು ಸಭಾಪಾಲಕರಾಗೋಕೆ ಓದೋ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಸೇರಿದೆ. ಡಿಗ್ರಿ ಆದವರಿಗೂ ನಾಲ್ಕು ವರ್ಷ. ಜಾವಾ ಬರೆದ ಕೈಗೆ ಗ್ರೀಕ್ ಕ್ರಿಯಾಪದ. ಕಾರು ಮಾರಿ ಲೋನ್ ತೀರಿಸಿದೆ, 60,000 ನಷ್ಟ. ಅಪ್ಪ "ಬಿಇಗೆ ಸುರಿದ ಆರು ಲಕ್ಷ ವಾಪಸ್ ಕೊಟ್ಟು ಹೋಗು" ಅಂದ್ರು. ಈಗ ಸಭಾಪಾಲಕ. ವರ್ಗಾವಣೆ ಆದಾಗಲೆಲ್ಲ ಮಗಳಿಗೆ ಹೊಸ ಸ್ಕೂಲು, ಹೊಸ ಅಡ್ಮಿಷನ್ ಫೀ, ಹೊಸ ಯೂನಿಫಾರ್ಮು. ಶೂ ಮಾತ್ರ ಹಳೇದು. ಆದರೂ ನಿಮ್ಮ ಬಗ್ಗೆ ನನ್ನ ಯೋಚನೆಗಳು ಹಿತದವೇ, ನಿಮಗೆ ನಿರೀಕ್ಷೆ ಕೊಡೋವೇ ಅಂತ ದೇವರು ಹೇಳೋ ಬೈಬಲ್ಲಿನ ಯೆರೆಮೀಯ 29:11 ಹಿಡಿದು ಹೊರಟವನು ನಾನು. ಗುರಿ ಕೊಟ್ಟವನು ದಾರಿ ಕೊಟ್ಟ.

ಜೆಪ್ಪು ಕಡೆಯವ:
ಮಾರಾಯ್ರೆ, ಆ ವಚನವನ್ನು ಫ್ರಿಜ್ಜಿಗೆ ಅಂಟಿಸುವವರು ಅದರ ಹಿಂದಿನದ್ದು ಓದುವುದೇ ಇಲ್ಲ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ ಅದು. ಮನೆ ಕಟ್ಟಿ, ತೋಟ ಮಾಡಿ, ಮದುವೆ ಆಗಿ, ಬಿಡುಗಡೆಗೆ 70 ವರ್ಷ ಉಂಟು ಅಂತ. ನಿಮ್ಮ ರಾಜೀನಾಮೆಗೆ ಬರೆದದ್ದಲ್ಲ.

ನಾನು ಕಥೋಲಿಕ ಪಾದ್ರಿ ಆಗಲಿಕ್ಕೆ ಓದುವ ಸೆಮಿನರಿಯಲ್ಲಿ ಫಿಲಾಸಫಿ ಮುಗಿಸಿ, ಥಿಯಾಲಜಿಗೆ ಮೊದಲು ಹೊರಗೆ ಬಂದವ. ಮನಸ್ಸು ಕತ್ತಲಾಗಿರುವಾಗ ಮೊದಲಿನ ನಿರ್ಧಾರ ಬದಲಿಸಬೇಡಿ ಅಂತ ಜೆಸ್ವಿಟ್ ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾರ ನಿಯಮವೇ ಉಂಟಲ್ಲ. ಹಾಗಾಗಿ ಮನಸ್ಸು ತಿಳಿಯಾಗುವವರೆಗೆ ಕಾದೆ. ತಿಳಿಯಾದ ಮೇಲೂ ಹೋಗು ಅಂತಲೇ ಅನಿಸಿತು. ಅಮ್ಮ ಒಂದು ವರ್ಷ ಯಾರ ಮನೆ ರೋಸಿಗೂ (ಮದುವೆಯ ಹಿಂದಿನ ಶಾಸ್ತ್ರ) ಹೋಗಲಿಲ್ಲ, ನೆಂಟರು ಕೇಳ್ತಾರೆ ಅಂತ. ಈಗ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡ್ತೇನೆ. ಅದೂ ಕರೆಯೇ.

ಸಾಫ್ಟ್‌ವೇರ್ ಬಿಟ್ಟವ:
ಅರ್ಧಕ್ಕೆ ಬಿಟ್ಟವರೇ ಹೆಚ್ಚು ವ್ಯಾಖ್ಯಾನ ಮಾಡೋದು. ಬಾಬೆಲ್ ಕಥೆ ನನಗೂ ಗೊತ್ತು ಸ್ವಾಮಿ, ಹಳೆ ಒಡಂಬಡಿಕೆಯಲ್ಲಿ ಒಳ್ಳೇ ಮಾರ್ಕ್ಸೇ ಬಂದಿತ್ತು.

ಜೆಪ್ಪು ಕಡೆಯವ:
ನಿಮ್ಮ ಮಾರ್ಕ್ಸಿನ ಮಾತು ತೆಗೆದದ್ದು ಒಳ್ಳೆದಾಯ್ತು, ಚರಿತ್ರೆಯಲ್ಲೂ ಒಂದು ಪ್ರಶ್ನೆ. ನಿಮ್ಮವರೇ ಆದ ಪ್ರೊಟೆಸ್ಟೆಂಟ್ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಯಾಕೆ? ಕ್ರೈಸ್ತರಾಗಿ ಜಾತಿ, ಮನೆ ಕಳ್ಕೊಂಡು ಬಂದವರಿಗೆ ಹೊಟ್ಟೆಪಾಡು ಬೇಕಿತ್ತು. ಪುಲ್ಪಿಟ್ಟಿಗೆ ಹತ್ತಿದರೆ ಮಾತ್ರ ಸೇವೆ ಅಂತ ಅವರೂ ಹೇಳಲಿಲ್ಲ.

ಧಾರವಾಡದ ಅಪ್ಪ:
ಇಬ್ಬರೂ ಸುಮ್ನಿರ್ರಿ. ಭಾನುವಾರದ ಮಾತು ಯಾರೂ ಆಡವಲ್ರಿ. ನಾ ಮಗನ್ನ ಸಂಡೇಸ್ಕೂಲ್ ಬಿಡಿಸಲಿಲ್ಲ. ಕೋಚಿಂಗ್‌ಗೆ 1,40,000 ಕಟ್ಟಿದ್ದೆ, ಎರಡು ಕಂತು. ಭಾನುವಾರ ಟೆಸ್ಟಿಗೆ ಬರಂಗಿಲ್ಲ ಅಂದ್ರ "ಹಂಗಾದ್ರ ರ‍್ಯಾಂಕ್ ಕೇಳಬ್ಯಾಡ್ರಿ" ಅಂದ್ರು. ಬಿಡಿಸಿದೆ. ಎರಡನೇ ಕಂತರ ವಾಪಸ್ ಕೊಡ್ರಿ ಅಂದ್ರ ಮೆಟೀರಿಯಲ್‌ಗೆ 18,000, ಜಿಎಸ್‌ಟಿ ಬ್ಯಾರೆ ಅಂತ ಲೆಕ್ಕ ತೋರಿಸಿದ್ರು. ಮಗ ಎಂಬಿಬಿಎಸ್ ಆಗಲಿಲ್ಲ, ಬಿಎಎಂಎಸ್ (ಆಯುರ್ವೇದ) ಓದಾಕತ್ತಾನ. ಅದರಾಗ ನಾಚಿಕಿ ಏನಿಲ್ಲ.

ಮೈಸೂರು ಸಿಸ್ಟರ್:
ಅಣ್ಣಾ, ನೀಟ್ ಪರೀಕ್ಷೆಯೇ ಭಾನುವಾರ! 2024ರಲ್ಲಿ ಮೇ 5, 2025ರಲ್ಲಿ ಮೇ 4, ಎರಡೂ ಭಾನುವಾರವೇ. ಅವತ್ತು ಮಗನ್ನ ಕಳಿಸ್ಲಿಲ್ವಾ? ಮಿಷನ್ ಕಾಲೇಜಿಗಾದ್ರೂ ನೀಟ್ ಬೇಕೇ ಬೇಕು, 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೈಟ್ ಡ್ಯೂಟಿ ಮುಗಿಸಿ ಭಾನುವಾರ ಬೆಳಿಗ್ಗೆ ನಾವು ಮಲಗ್ತಿದ್ವಿ. ದೇವರು ನಮ್ಮನ್ನ ಸಭೆಯಿಂದ ಹೊರಗೆ ಹಾಕಿದ್ನಾ?

ಧಾರವಾಡದ ಅಪ್ಪ:
ಪರೀಕ್ಷಾ ಮಧ್ಯಾಹ್ನ ಎರಡಕ್ಕ ಇತ್ತು ತಂಗಿ. ಮುಂಜಾನೆ ಏಳರ ಆರಾಧನಾ ಮುಗಿಸೇ ಸೆಂಟರಿಗೆ ಕರ್ಕೊಂಡು ಹೋಗೀನಿ.

ಗದಗಿನ ತಾಯಿ:
ಎಲ್ಲಾರಿಗೂ ಉಪಕಾರ. ಸ್ಪಾನ್ಸರ್‌ಶಿಪ್‌ಗೆ ಬೇಕಾದ ಡಯಾಸಿಸ್ (ಬಿಷಪ್ಪರ ಆಡಳಿತ) ಪತ್ರಕ್ಕ ಮೊದಲು ಯಾರನ್ನ ಭೆಟ್ಟಿ ಆಗಬೇಕ್ರಿ?

ಸಾಫ್ಟ್‌ವೇರ್ ಬಿಟ್ಟವ:
ನಿಮ್ಮ ಸಭಾಪಾಲಕರನ್ನ, ಅಮ್ಮಾ. ಆಮೇಲೆ ಸಭೆಯ ಆಡಳಿತ ನೋಡೋ ಪಾಸ್ಟರೇಟ್ ಕಮಿಟಿ. ನನ್ನ ಪತ್ರಕ್ಕೆ ಕಮಿಟಿಯಲ್ಲಿ ಅಡ್ಡ ಹಾಕಿದವರೇ ಇಂದು ನನ್ನ ಪ್ರಸಂಗಕ್ಕೆ ಮುಂದಿನ ಬೆಂಚಲ್ಲಿ ಕೂತು ಗಡಿಯಾರ ನೋಡ್ತಾರೆ. ಅದು ದೊಡ್ಡ ಕಥೆ, ಬೇರೆಯಾಗಿ ಬರೀತೀನಿ.

ಜೆಪ್ಪು ಕಡೆಯವ:
ಬರೆಯಿರಿ. ವಚನ ಮಾತ್ರ ಪೂರ್ತಿ ಹಾಕಿ.