ಹಾವಿನ ಪೊರೆ ಬಗ್ಗೆ ಡಾಕ್ಟರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹಾವು, ಓತಿ, ಆಮೆ ಇಂಥವಕ್ಕೆ ಚಿಕಿತ್ಸೆ ಕೊಡುವ ಪಶುವೈದ್ಯರೊಬ್ಬರು ಇವತ್ತು ಸಂಜೆ ನಮ್ಮ ಗುಂಪಿನಲ್ಲಿದ್ದಾರೆ. ಸಾಕಿದ ಹಾವು ಪೊರೆ ಬಿಡುವಾಗ ಹೇಗೆ ನೋಡಿಕೊಳ್ಳಬೇಕು, ವಿಷಯ ಇಷ್ಟೇ. ಪ್ರಶ್ನೆ ಜೊತೆ ಹಾವಿನ ಜಾತಿ, ವಯಸ್ಸು, ಊರು ಹಾಕಿ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಬೇಡ.

ಹೊಸಬ (ಯಲಹಂಕ): ಮೇಡಂ, ನಮ್ಮದು ಬಾಲ್ ಪೈಥಾನ್, ಒಂದು ವರ್ಷದ್ದು. ಮೂರು ದಿನದಿಂದ ಎರಡೂ ಕಣ್ಣು ನೀಲಿ ಮಿಶ್ರಿತ ಬಿಳಿಯಾಗಿವೆ. ಮೈ ಬಣ್ಣ ಮಂಕಾಗಿದೆ. ಇಲಿ ಕೊಟ್ಟರೆ ಮುಖ ತಿರುಗಿಸುತ್ತದೆ. ಯಾವತ್ತೂ ಬುಸ್ ಎನ್ನದ ಹಾವು ನಿನ್ನೆ ಕೈಗೇ ಹಾರಿತು. ಕಣ್ಣು ಹೋಯಿತಾ?

ಡಾಕ್ಟರ್: ಕಣ್ಣು ಹೋಗಿಲ್ಲ, ಹೆದರಬೇಡಿ. ಹಳೆ ಚರ್ಮದ ಅಡಿಯಲ್ಲಿ ಹೊಸದು ತಯಾರಾದಾಗ ಎರಡರ ನಡುವೆ ಒಂದು ದ್ರವ ಸೇರುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇರುತ್ತದೆ. ಅದೂ ಚರ್ಮವೇ. ಅಲ್ಲೂ ದ್ರವ ಸೇರುವುದರಿಂದ ಕಣ್ಣು ಮಂಜಾಗುತ್ತದೆ. ಹಾವಿಗೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಕೈ ಬಂದ ಕಡೆ ಹಾರಿದೆ. ಕೆಲವು ದಿನದಲ್ಲಿ ಕಣ್ಣು ತಿಳಿಯಾಗುತ್ತದೆ. ಆಗ ಮುಗಿಯಿತು ಅಂದುಕೊಂಡು ಎತ್ತಿಕೊಳ್ಳಬೇಡಿ. ಪೊರೆ ಬೀಳುವುದು ಅದಾದ ಮೇಲೆ, ಸುಮಾರು 3ರಿಂದ 5 ದಿನಕ್ಕೆ. ಮೂತಿಯನ್ನು ಕಲ್ಲಿಗೋ ಕಟ್ಟಿಗೆಗೋ ಉಜ್ಜಿ, ತುಟಿಯ ಹತ್ತಿರ ಬಿಡಿಸಿಕೊಂಡು, ಕಾಲುಚೀಲ ತಿರುಗಿಸಿ ತೆಗೆದ ಹಾಗೆ ಇಡೀ ಪೊರೆಯಿಂದ ಹೊರಗೆ ಬರುತ್ತದೆ. ಒರಟು ಕಲ್ಲು, ಶುದ್ಧ ನೀರು, ತೇವ ಇರಲಿ. ಊಟಕ್ಕೆ ಬಲವಂತ ಬೇಡ. ನಿಮ್ಮ ಕೆಲಸ ಸುಮ್ನೆ ಇರುವುದು.

ಟೆಕ್ಕಿ ತಮ್ಮ: ಪೊರೆ ಬಿಡುವಾಗ ಕೈಯಲ್ಲಿ ಹಿಡಿಯಬಹುದಾ?

ಡಾಕ್ಟರ್: ಬೇಡ. ಮೇಲೆ ಬರೆದಿದ್ದೇನೆ.

ರಾತ್ರಿರಾಣಿ (ವಿಜಯನಗರ): ಡಾಕ್ಟ್ರೇ, ನನ್ನದು ನಾಲ್ಕು ವರ್ಷದ ಹೆಣ್ಣು ಬಾಲ್ ಪೈಥಾನ್. ಹೋದ ತಿಂಗಳು ಪೊರೆ ತುಂಡು ತುಂಡಾಗಿ ಬಂತು. ಬಾಲದ ತುದಿಯಲ್ಲಿ ಒಂದು ಉಂಗುರ ಹಾಗೇ ಉಳಿದಿದೆ. ಎಡಗಣ್ಣು ಸರಿಯಾಗಿದೆ, ಬಲಗಣ್ಣು ಮಾತ್ರ ಇನ್ನೂ ಬಿಳಿ. ಕಣ್ಣಿನ ಮೇಲಿನ ಪೊರೆ ಅಂಟಿಕೊಂಡಿದೆ ಅನಿಸುತ್ತದೆ. ಗೆಳೆಯರೊಬ್ಬರು ಸೆಲ್ಲೋಟೇಪ್ ಒತ್ತಿ ಎಳೆದರೆ ಬರುತ್ತದೆ ಎಂದು ವಿಡಿಯೋ ಕಳಿಸಿದ್ದಾರೆ. ಟೇಪ್ ತಂದಿಟ್ಟುಕೊಂಡಿದ್ದೇನೆ. ಮಾಡಲಾ?

ಡಾಕ್ಟರ್: ಬೇಡ! ಟೇಪ್ ಬೇಡ, ಚಿಮಟ ಬೇಡ, ಉಗುರೂ ಬೇಡ. ಅಡಿಯಲ್ಲಿರುವ ಹೊಸ ಹುರುಪೆಯೂ ಕಿತ್ತು ಬಂದರೆ ಕಣ್ಣು ಒಣಗಿ ಹೋಗುತ್ತದೆ. ಮೊದಲು ಇಷ್ಟು ಹೇಳಿ. ತಲೆಯನ್ನು ನೇರ ಮೇಲಿನಿಂದ ನೋಡಿದರೆ ಬಲಗಣ್ಣು ಎಡಗಣ್ಣಿಗಿಂತ ಉಬ್ಬಿದೆಯಾ? ಬಾಯಿ ಅಂಚಿನಲ್ಲಿ ನೊರೆ, ಕೀವು, ಕೆಂಪು ಇದೆಯಾ? ಟ್ಯಾಂಕಿನ ತೇವಾಂಶ ಎಷ್ಟು? ಅಂದಾಜು ಬೇಡ, ಮೀಟರ್ ನೋಡಿ ಹೇಳಿ. ಹೋದ ತಿಂಗಳ ಪೊರೆ ಎಸೆದಿದ್ದೀರಾ, ಇಟ್ಟಿದ್ದೀರಾ?

ಸತ್ಯವಾಕ್ಯ: 🙏 ಹಾವು ಪೊರೆ ಬಿಡದಿದ್ದರೆ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ತಲೆಯಿಂದ ಬಾಲದವರೆಗೆ ಹಚ್ಚಿ. ಅರ್ಧ ಗಂಟೆಯಲ್ಲಿ ಪೊರೆ ತಾನಾಗಿ ಜಾರುತ್ತದೆ. ಒಂದು ಬಟ್ಟಲು ಹಾಲು ಇಡಿ. ಹತ್ತು ಜನಕ್ಕೆ ಕಳಿಸಿ. 🙏

ಡಾಕ್ಟರ್: ಇದೇ ಬೇಡ ಎಂದು ಅಡ್ಮಿನ್ ಮೊದಲೇ ಹೇಳಿದ್ದರು. ಪೊರೆಗೆ ಬೇಕಾದದ್ದು ನೀರಿನ ತೇವ. ಎಣ್ಣೆ ಹಚ್ಚಿದರೆ ಆ ತೇವ ಒಳಗೆ ಇಳಿಯುವುದಿಲ್ಲ, ಮೇಲೆ ಧೂಳು ಹೊಟ್ಟು ಅಂಟುತ್ತದೆ. ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ, ಹರಳೆಣ್ಣೆ, ವ್ಯಾಸಲೀನ್, ಯಾವುದೂ ಬೇಡ. ಹಾಲು ಹಾವಿನ ಆಹಾರವೇ ಅಲ್ಲ. ಬಾಯಾರಿದ ಹಾವು ಎದುರಿಗೆ ಏನಿಟ್ಟರೂ ಕುಡಿದೀತು, ಜೀರ್ಣವಾಗುವುದಿಲ್ಲ. ಹತ್ತು ಜನಕ್ಕೆ ಕಳಿಸಬೇಡಿ.

ಬಿಸಿಲುನಾಡು (ಕಲಬುರಗಿ): ನಮ್ಮದು ಕಾರ್ನ್ ಸ್ನೇಕ್ ರೀ ಮೇಡಂ. ಇಲ್ಲಿ ಬಿಸಿಲು ನಿಮಗೆ ಗೊತ್ತಲ್ಲ. ದಿನಕ್ಕೆ ಏಳೆಂಟು ಸಲ ನೀರು ಸ್ಪ್ರೇ ಮಾಡುತ್ತೇನೆ. ಮೀಟರ್ ಏರುತ್ತದೆ, ಅರ್ಧ ಗಂಟೆಗೆ ಮತ್ತೆ ಇಳಿಯುತ್ತದೆ.

ಡಾಕ್ಟರ್: ಸ್ಪ್ರೇ ನಿಲ್ಲಿಸಿ. ಮೇಲಿನ ಜಾಲರಿಯನ್ನು ಮುಕ್ಕಾಲು ಭಾಗ ಮುಚ್ಚಿ, ದೀಪ ಇರುವ ಕಡೆ ಬಿಟ್ಟು. ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾವು ಆರಾಮಾಗಿ ನುಗ್ಗುವಷ್ಟು ತೂತು ಮಾಡಿ, ಅಂಚು ಉಜ್ಜಿ ನುಣುಪು ಮಾಡಿ. ಒಳಗೆ ನರ್ಸರಿಯಲ್ಲಿ ಸಿಗುವ ಕೊಕೊಪೀಟ್ ತುಂಬಿ, ಗೊಬ್ಬರ ಬೆರೆಸಿರಬಾರದು. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈಗೆ ತಂಪು ತಾಗಬೇಕು, ಅಷ್ಟು ಹದ. ಕಣ್ಣು ಮಂಜಾದ ದಿನದಿಂದ ಪೊರೆ ಬೀಳುವವರೆಗೆ ಈ ಡಬ್ಬಿ ಇರಲಿ. ಹಾವು ತಾನೇ ಹೋಗಿ ಕೂರುತ್ತದೆ. ರೂಮಿಗೆ ಕೂಲರ್ ಇದ್ದರೆ ಒಳ್ಳೆಯದು, ಅದು ತೇವ ಕೊಡುತ್ತದೆ. ಎಸಿ ತೇವ ಎಳೆದುಕೊಳ್ಳುತ್ತದೆ.

ಚಿನ್ನು ಅಮ್ಮ (ನ್ಯೂಜೆರ್ಸಿ): ನಮಸ್ತೆ ಡಾಕ್ಟರ್. ಮಗಳ ಕಾರ್ನ್ ಸ್ನೇಕ್. ಚಳಿಗಾಲ ಪೂರ್ತಿ ಮನೆಯಲ್ಲಿ ಹೀಟರ್, ಗಾಳಿ ಒಣ ಒಣ. ಪ್ರತಿ ಸಲ ಪೊರೆ ಚೂರು ಚೂರಾಗಿ ಬರುತ್ತದೆ.

ಡಾಕ್ಟರ್: ಕಲಬುರಗಿಗೆ ಹೇಳಿದ್ದೇ ನ್ಯೂಜೆರ್ಸಿಗೂ.

ಕಡಲ ಕರೆ (ಮಂಗಳೂರು): ನಮ್ಮದು ಉಲ್ಟಾ ಮಾರಾಯ್ರೇ. ಮಳೆಗಾಲದಲ್ಲಿ ಮೀಟರ್ 90ರ ಕೆಳಗೆ ಇಳಿಯುವುದಿಲ್ಲ. ಪೊರೆ ಚೆಂದ ಒಂದೇ ತುಂಡಾಗಿ ಬಂತು, ಆದರೆ ಹೊಟ್ಟೆ ಕೆಳಗೆ ಸಣ್ಣ ನೀರಿನ ಗುಳ್ಳೆ. ಬಾಲ್ ಪೈಥಾನ್. ಇಂಟರ್ನೆಟ್ಟಿನಲ್ಲಿ ತೇವ ಹೆಚ್ಚಿಸಿ ಎಂದಿತ್ತು, ಹಾಗಾಗಿ ದಿನಾ ಸ್ಪ್ರೇ ಕೂಡ ಮಾಡುತ್ತಿದ್ದೆ.

ಡಾಕ್ಟರ್: ಆ ಸಲಹೆ ಒಣ ಊರಿನವರಿಗೆ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಅಲ್ಲಿ ಹಗಲೆಲ್ಲ ಇಲಿ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಇರುತ್ತದೆ. ಒಳಗೆ ತೇವ ಇರುತ್ತದೆ ನಿಜ, ನಿಂತ ನೀರಲ್ಲ. ಗಾಳಿಯಲ್ಲಿ 50ರಿಂದ 60, ಪೊರೆ ಹೊತ್ತಿಗೆ 70ರ ಹತ್ತಿರ ಸಾಕು. ನೆಲದ ಹಾಸು ಒದ್ದೆ ಇರಬಾರದು. ಹೊಟ್ಟೆ ಯಾವಾಗಲೂ ಒದ್ದೆಯಲ್ಲಿದ್ದರೆ ಮೊದಲು ಗುಳ್ಳೆ, ಆಮೇಲೆ ಹುರುಪೆ ಕೊಳೆಯುತ್ತದೆ. ಸ್ಪ್ರೇ ನಿಲ್ಲಿಸಿ, ಹಾಸು ತೆಗೆದು ಒಣ ಪೇಪರ್ ಹಾಕಿ, ದಿನಾ ಬದಲಿಸಿ, ಗಾಳಿ ಆಡಲು ಬಿಡಿ. ಗುಳ್ಳೆ ಒಡೆಯಬೇಡಿ. ಎರಡು ದಿನದಲ್ಲಿ ಇಳಿಯದಿದ್ದರೆ, ಬಣ್ಣ ತಿರುಗಿದರೆ ವೈದ್ಯರಿಗೆ ತೋರಿಸಿ.

ಟೆಕ್ಕಿ ತಮ್ಮ: ಬಾಲ್ ಪೈಥಾನ್ ಮರಿಗೆ ಈಗ ರೇಟ್ ಎಷ್ಟಿದೆ?

ಸತ್ಯವಾಕ್ಯ: ಡಾಕ್ಟರ್ ಓದಿದವರು, ಇರಲಿ. ಆದರೆ ಹಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕುವುದೇ ದೋಷ. ಆಮೇಲೆ ಸುಬ್ರಹ್ಮಣ್ಯಕ್ಕೆ ಹೋಗಿ ಸರ್ಪ ಸಂಸ್ಕಾರ ಮಾಡಿಸುವವರು ಇವರೇ.

ಹೊಸಬ (ಯಲಹಂಕ): ಸ್ವಾಮಿ, ಈಗಷ್ಟೇ ಎಣ್ಣೆ ಹಚ್ಚಿ ಎಂದವರು ನೀವೇ ಅಲ್ವಾ?

ಸತ್ಯವಾಕ್ಯ: ಅದು ಸಹಾಯಕ್ಕೆ ಹೇಳಿದ್ದು.

ಕಡಲ ಕರೆ (ಮಂಗಳೂರು): ನಮ್ಮಲ್ಲಿ ನಾಗಬನ ಇದೆ, ತಂಬಿಲ ಕೊಡುತ್ತೇವೆ, ನಂಬುತ್ತೇವೆ. ಆಫ್ರಿಕಾದ ಹಾವಿಗೂ ಅದಕ್ಕೂ ಏನು ಸಂಬಂಧ?

ಸತ್ಯವಾಕ್ಯ: ಹಾವು ಹಾವೇ.

ಟೆಕ್ಕಿ ತಮ್ಮ: ಮೇಡಂ, ಪೊರೆ ಬೀರುವಿನಲ್ಲಿ ಇಟ್ಟರೆ ದುಡ್ಡು ಬರುತ್ತದೆ ಅಂತ ನಮ್ಮಜ್ಜಿ ಹೇಳುತ್ತಾರೆ.

ಡಾಕ್ಟರ್: ಸಾಲ್ಮೊನೆಲ್ಲಾ ಬರಬಹುದು, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಅದು. ಪೊರೆ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಮಕ್ಕಳ ಕೈಗೆ ಕೊಡಬೇಡಿ.

ಮಲೆನಾಡ ಮಳೆ (ಸಾಗರ): ಡಾಕ್ಟರ್, ಅಡಿಕೆ ತೋಟದಲ್ಲಿ ಹೆಬ್ಬಾವಿನ ಮರಿ ಸಿಕ್ಕಿತು. ಎರಡು ತಿಂಗಳಿಂದ ಪ್ರೀತಿಯಿಂದ ಸಾಕುತ್ತಿದ್ದೇವೆ. ಈಗ ಪೊರೆ ಅರ್ಧ ಬಿಟ್ಟು ನಿಂತಿದೆ. ಏನು ಮಾಡಬೇಕು?

ಡಾಕ್ಟರ್: ಅರಣ್ಯ ಇಲಾಖೆಗೆ ಇವತ್ತೇ ಫೋನ್ ಮಾಡಿ ಒಪ್ಪಿಸಬೇಕು. ನಮ್ಮ ಹೆಬ್ಬಾವು, ನಾಗರ, ಕೇರೆ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಪ್ರೀತಿ ಇದೆಯೋ ಇಲ್ಲವೋ ಕಾನೂನು ಕೇಳುವುದಿಲ್ಲ. ಅರ್ಧ ಪೊರೆಯನ್ನು ನೀವು ಎಳೆಯಬೇಡಿ, ಅವರ ವೈದ್ಯರು ನೋಡುತ್ತಾರೆ. ತೋಟದಲ್ಲಿ ಸಿಕ್ಕ ದಿನವೇ ಅಲ್ಲೇ ಬಿಟ್ಟಿದ್ದರೆ ಅದಕ್ಕೆ ಈ ಪಾಡು ಇರಲಿಲ್ಲ.

ಮಲೆನಾಡ ಮಳೆ (ಸಾಗರ): ಪೇಟೆಯವರು ಆಫ್ರಿಕಾದ್ದು ಸಾಕಿದರೆ ಶೋಕಿ, ನಾವು ಮರಿ ಉಳಿಸಿದರೆ ಅಪರಾಧ. ಚೆನ್ನಾಗಿದೆ ನ್ಯಾಯ.

ಹೊಸಬ (ಯಲಹಂಕ): ಉಳಿಸುವುದು ಬೇರೆ, ಡಬ್ಬಿಯಲ್ಲಿ ಇಡುವುದು ಬೇರೆ.

ಮಲೆನಾಡ ಮಳೆ (ಸಾಗರ): ನಿಮ್ಮದು ಯಾವುದರಲ್ಲಿದೆ, ಕಾಡಿನಲ್ಲಾ?

ಸತ್ಯವಾಕ್ಯ: ನಾನು ಹೇಳಿದ್ದೂ ಅದನ್ನೇ.

ಡಾಕ್ಟರ್: ಪೇಟೆಯವರಿಗೂ ಕಾನೂನು ಇದೆ. ಬಾಲ್ ಪೈಥಾನ್ ಸೈಟಿಸ್ ಪಟ್ಟಿಯ ಜೀವಿ, ಅಂದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ. ಅದೇ ಕಾಯ್ದೆಯ 2022ರ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಕಾಗದ ಇಲ್ಲದ ಮರಿ ಕೊಳ್ಳಬೇಡಿ. ಸಾಕುವುದು ಸರಿಯೋ ತಪ್ಪೋ ಎಂಬ ಜಗಳ ನಾನು ಹೋದ ಮೇಲೆ ಆಡಿಕೊಳ್ಳಿ. ವಿಜಯನಗರದವರು ಎಲ್ಲಿ?

ಬಿಸಿಲುನಾಡು (ಕಲಬುರಗಿ): ಮೇಡಂ, ನನ್ನ ನಕ್ಷತ್ರ ಆಮೆಯ ಚಿಪ್ಪೂ ಸಿಪ್ಪೆ ಏಳುತ್ತಿದೆ...

ಅಡ್ಮಿನ್: ನಕ್ಷತ್ರ ಆಮೆಯನ್ನೂ ಮನೆಯಲ್ಲಿ ಇಡುವ ಹಾಗಿಲ್ಲ ರೀ. ಮೆಸೇಜ್ ಅಳಿಸಿ, ಆಮೆಯನ್ನು ಇಲಾಖೆಗೆ ಕೊಡಿ.

ರಾತ್ರಿರಾಣಿ (ವಿಜಯನಗರ): ಇದ್ದೇನೆ ಡಾಕ್ಟ್ರೇ, ತೇವಾಂಶದ ಮೀಟರ್ ತರಲು ಅಂಗಡಿಗೆ ಹೋಗಿದ್ದೆ. 34 ತೋರಿಸುತ್ತಿದೆ. ರೂಮಿನಲ್ಲಿ ಎಸಿ ಇದೆ. ಮೇಲಿನಿಂದ ನೋಡಿದರೆ ಬಲಗಣ್ಣು ಸ್ವಲ್ಪ ಉಬ್ಬಿದೆ, ಹೌದು. ಬಲಗಡೆ ತುಟಿ ಅಂಚಿನಲ್ಲಿ ಒಣಗಿದ ಹಳದಿ ಕಲೆ ಇದೆ. ಊಟ ಬಿಟ್ಟು ತುಂಬಾ ದಿನ ಆಯಿತು, ಪೊರೆ ಕಾರಣ ಅಂದುಕೊಂಡಿದ್ದೆ. ಪೊರೆ ಚೂರುಗಳು ಕವರಿನಲ್ಲಿವೆ.

ಡಾಕ್ಟರ್: ತಲೆಯ ಚೂರು ಹುಡುಕಿ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮೆತ್ತಗಾದ ಮೇಲೆ ತಟ್ಟೆಯಲ್ಲಿ ಹರಡಿ, ಟಾರ್ಚ್ ಹಿಡಿಯಿರಿ. ಕಣ್ಣಿನ ಜಾಗದಲ್ಲಿ ಎರಡು ತೂತು ಇದೆಯೋ, ಎರಡು ಗುಂಡಗಿನ ಪಾರದರ್ಶಕ ಬಿಲ್ಲೆ ಇದೆಯೋ ನೋಡಿ.

ಟೆಕ್ಕಿ ತಮ್ಮ: ಸ್ನಾನ ಮಾಡಿಸಬಹುದಾ?

ರಾತ್ರಿರಾಣಿ (ವಿಜಯನಗರ): ಎರಡೂ ಬಿಲ್ಲೆ ಇವೆ! ಬಲಗಡೆಯದೂ ಪೂರ್ತಿ ಇದೆ. ಫೋಟೋ ಹಾಕಿದ್ದೇನೆ.

ಡಾಕ್ಟರ್: ನನ್ನ ಅನುಮಾನ ಇದೇ ಆಗಿತ್ತು. ಹೋದ ತಿಂಗಳು ಬಲಗಣ್ಣಿನ ಪೊರೆಯೂ ಸರಿಯಾಗಿ ಕಳಚಿದೆ. ಅಂದರೆ ಈಗ ಕಾಣುವ ಬಿಳಿ ಹಳೆ ಪೊರೆ ಅಲ್ಲ. ನೀವು ಟೇಪ್ ಹಾಕಿದ್ದರೆ ಹೊಸದನ್ನೇ ಕೀಳುತ್ತಿದ್ದಿರಿ.

ಪೊರೆ ಬರುವಾಗ ಎರಡೂ ಕಣ್ಣು ಒಟ್ಟಿಗೆ ಮಂಜಾಗುತ್ತವೆ, ಒಟ್ಟಿಗೆ ತಿಳಿಯಾಗುತ್ತವೆ. ಒಂದೇ ಕಣ್ಣು ಬಿಳಿಯಾಗಿ ಉಬ್ಬಿದರೆ ಬೇರೆ ಕಾರಣ ಹುಡುಕಬೇಕು. ಕಣ್ಣಿಗೂ ಮೇಲಿನ ಹುರುಪೆಗೂ ನಡುವೆ ಸಣ್ಣ ಜಾಗ ಇದೆ. ಕಣ್ಣೀರು ಅಲ್ಲಿ ಹರಿದು ಒಂದು ತೆಳು ನಾಳದ ಮೂಲಕ ಬಾಯಿಯ ಮೇಲ್ಭಾಗಕ್ಕೆ ಇಳಿಯುತ್ತದೆ. ಬಾಯಲ್ಲಿ ಸೋಂಕು ಆದರೆ ನಾಳ ಕಟ್ಟಿಕೊಳ್ಳುತ್ತದೆ. ಕಣ್ಣೀರು ಇಳಿಯಲು ದಾರಿ ಇಲ್ಲ. ಸೋಂಕು ಅದೇ ದಾರಿಯಲ್ಲಿ ಮೇಲೇರಿದರೆ ಹುರುಪೆಯ ಹಿಂದೆ ಕೀವು ತುಂಬುತ್ತದೆ. ನಿಮ್ಮ ಹಾವಿಗೆ ಕಣ್ಣು ಬಲಗಡೆ, ತುಟಿಯ ಹಳದಿ ಕಲೆಯೂ ಬಲಗಡೆ, ಊಟವೂ ಇಲ್ಲ. ಇದಕ್ಕೆ ಮನೆಮದ್ದು ಇಲ್ಲ. ಹುರುಪೆಯ ಕೆಳ ಅಂಚಿನಲ್ಲಿ ಸಣ್ಣ ಕಿಟಕಿಯಷ್ಟು ಕತ್ತರಿಸಿ, ಕೀವು ತೊಳೆದು ತೆಗೆದು, ಯಾವ ಬ್ಯಾಕ್ಟೀರಿಯಾ ಎಂದು ಪರೀಕ್ಷೆಗೆ ಕಳಿಸಿ, ಬಾಯಿಗೂ ಸೇರಿಸಿ ಆಂಟಿಬಯೋಟಿಕ್ ಕೊಡಬೇಕಾಗಬಹುದು. ಬಾಯಿ ತೆರೆದು ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಕಾಯುವ ಕೇಸ್ ಅಲ್ಲ. ಬಿಟ್ಟರೆ ಕಣ್ಣು ಹೋಗುತ್ತದೆ. ನಾಳೆ ಬೆಳಿಗ್ಗೆಯೇ ಬನ್ನಿ.

ಪೊರೆ ಚೂರಾಗಿ ಬಂದದ್ದಕ್ಕೆ 34ರ ತೇವಾಂಶ ಒಂದು ಕಾರಣ. ಹುಷಾರಿಲ್ಲದ ಹಾವು ಪೊರೆಯನ್ನೂ ಸರಿಯಾಗಿ ಬಿಡುವುದಿಲ್ಲ, ಅದು ಇನ್ನೊಂದು.

ಬಾಲದ ಉಂಗುರ ಇವತ್ತೇ ನೋಡಿ. ಒಣಗಿದ ಪೊರೆ ಬಿಗಿದುಕೊಂಡರೆ ಮುಂದಕ್ಕೆ ರಕ್ತ ಹೋಗುವುದಿಲ್ಲ, ತುದಿ ಕಪ್ಪಾಗಿ ಉದುರಿಹೋಗುತ್ತದೆ. ಒಂದು ಟವೆಲ್ಲನ್ನು 28-30 ಡಿಗ್ರಿಯ ನೀರಿನಲ್ಲಿ ಅದ್ದಿ ಹಿಂಡಿ, ಬಾಲದ ಭಾಗಕ್ಕೆ ಸಡಿಲವಾಗಿ ಸುತ್ತಿ ಇಪ್ಪತ್ತು ನಿಮಿಷ ಇಡಿ. ಆಮೇಲೆ ಹಾವು ತಾನೇ ಬಟ್ಟೆಯ ನಡುವೆ ಜಾರಿ ಹೋಗಲಿ. ಬಂದರೆ ಬಂತು, ಬರದಿದ್ದರೆ ನಾಳೆ ನಾನು ತೆಗೆಯುತ್ತೇನೆ. ತುದಿಯ ಬಣ್ಣ ಹೇಗಿದೆ?

ರಾತ್ರಿರಾಣಿ (ವಿಜಯನಗರ): ಉಂಗುರದ ಮುಂದೆ ಸ್ವಲ್ಪ ಗಾಢವಾಗಿದೆ, ಕಪ್ಪಾಗಿಲ್ಲ. ಮುಟ್ಟಿದರೆ ಎಳೆದುಕೊಳ್ಳುತ್ತದೆ.

ಡಾಕ್ಟರ್: ಎಳೆದುಕೊಂಡರೆ ಜೀವ ಇದೆ.

ಸತ್ಯವಾಕ್ಯ: ಕಣ್ಣಿಗೆ ಎರಡು ಹನಿ ಜೇನುತುಪ್ಪ ಬಿಟ್ಟರೆ...

ಡಾಕ್ಟರ್: ಅಡ್ಮಿನ್, ಇವರನ್ನು ಇರಿಸಿಕೊಳ್ಳುತ್ತೀರೋ ನನ್ನನ್ನೋ?

ಅಡ್ಮಿನ್: ಸತ್ಯವಾಕ್ಯ ಅವರು ಇವತ್ತಿನ ಮಟ್ಟಿಗೆ ಓದಬಹುದು, ಬರೆಯುವ ಹಾಗಿಲ್ಲ.

ಮಲೆನಾಡ ಮಳೆ (ಸಾಗರ): ಹೌದು, ಮಾತಾಡಿದವರ ಬಾಯಿ ಮುಚ್ಚಿಸಿ. ಒಳ್ಳೆ ಗುಂಪು.

ಕಡಲ ಕರೆ (ಮಂಗಳೂರು): ನೀವು ಇಲಾಖೆಗೆ ಫೋನ್ ಮಾಡಿದಿರಾ ಮಾರಾಯ್ರೇ?

ಚಿನ್ನು ಅಮ್ಮ (ನ್ಯೂಜೆರ್ಸಿ): ಡಾಕ್ಟರ್, ಕಣ್ಣಿನ ಅಂಚಿನಲ್ಲಿ ಕರಿ ಚುಕ್ಕೆ ಇದೆ, ನೀರಿನ ಬಟ್ಟಲಿನಲ್ಲೂ ತೇಲುತ್ತಿದೆ. ನಮ್ಮ ನಾಯಿಗೆ ಹಾಕುವ ಉಣ್ಣಿ ಸ್ಪ್ರೇ ಇದೆ, ಹಾಕಲೇ?

ಡಾಕ್ಟರ್: ಹಾಕಬೇಡಿ, ಹಾವು ಸಾಯಬಹುದು. ಅದು ಹಾವಿನ ನುಸಿ ಇರಬೇಕು. ಪೊರೆ ಕೆಡಲು ಅದೂ ಕಾರಣ. ಹಾವನ್ನು ಬೇರೆ ಡಬ್ಬಿಯಲ್ಲಿ ಪೇಪರ್ ಹಾಸಿ ಇಡಿ, ಟ್ಯಾಂಕಿನ ಹಾಸು ಪೂರ್ತಿ ಎಸೆಯಿರಿ, ಬಿಸಿನೀರಲ್ಲಿ ತೊಳೆಯಿರಿ. ಅಲ್ಲಿಯ ವೈದ್ಯರ ಹತ್ತಿರ ತೂಕ ನೋಡಿ ಔಷಧಿ ಬರೆಸಿಕೊಳ್ಳಿ. ಇದನ್ನು ಮೊದಲೇ ಹೇಳಬಾರದಾಗಿತ್ತಾ?

ರಾತ್ರಿರಾಣಿ (ವಿಜಯನಗರ): ನಾಳೆ ಹೇಗೆ ತರಲಿ? ಆಟೋದಲ್ಲಿ ಬರಬೇಕು.

ಡಾಕ್ಟರ್: ಹತ್ತಿಯ ದಿಂಬಿನ ಚೀಲ, ಹೊಲಿಗೆ ಗಟ್ಟಿ ಇರಲಿ. ಒಳಗೆ ಬಿಟ್ಟು ಬಾಯಿ ಕಟ್ಟಿ, ಗಾಳಿ ತೂತಿರುವ ಪೆಟ್ಟಿಗೆಯಲ್ಲಿಡಿ. ಬಿಸಿಲಿಗೆ ಹಿಡಿಯಬೇಡಿ. ಇವತ್ತು ಊಟ ಕೊಡಬೇಡಿ. ರಾತ್ರಿ ಎಸಿ ಆಫ್ ಮಾಡಿ, ಬಿಸಿ ಬದಿ 31-32 ಡಿಗ್ರಿ ಇದೆಯಾ ಥರ್ಮಾಮೀಟರಿನಲ್ಲಿ ನೋಡಿ. ಮೈ ತಣ್ಣಗಿದ್ದರೆ ಸೋಂಕಿನ ಜೊತೆ ಹೋರಾಡುವ ಶಕ್ತಿ ಹಾವಿಗೆ ಇರುವುದಿಲ್ಲ. ಪೊರೆ ಚೂರುಗಳನ್ನೂ ಬಾಯಿ ಹತ್ತಿರದ ಫೋಟೋವನ್ನೂ ತನ್ನಿ. ಆ ಟೇಪ್ ಮನೆಯಲ್ಲೇ ಇರಲಿ.

ಟೆಕ್ಕಿ ತಮ್ಮ: ಮೇಡಂ, ಸ್ನಾನ?

ಹೊಸಬ (ಯಲಹಂಕ): ಮೇಡಂ ಹೊರಟರು ಅನಿಸುತ್ತದೆ. ನೀನು ಮೊದಲು ಹಾವು ತಗೋ ಮಾರಾಯ, ಆಮೇಲೆ ಸ್ನಾನ.